ತೂತು ತಟ್ಟೆಯ ಬೆಳಕು

ಹೋದ ತಿಂಗಳು ಒಂದು ದಿನ ನನ್ನ ಹೆಂಡತಿ ಸುಶೀಲಾ ಅಟ್ಟ ಖಾಲಿ ಮಾಡಿಯೇ ತೀರುತ್ತೇನೆಂದು ಸೆರಗು ಸಿಕ್ಕಿಸಿ ನಿಂತಳು. ನಮ್ಮ ಮಕ್ತಲ್‌ನ ಓಣಿಗೆ ಹಳೆಯ ಪಾತ್ರೆ ತೆಗೆದುಕೊಂಡು ಹೊಸ ಸ್ಟೀಲು ಕೊಡುವ ಹೆಂಗಸೊಬ್ಬಳು ಬರುತ್ತಾಳೆ. ಅವಳ ಕೂಗು ಕೇಳಿದರೆ ಸಾಕು, ಸುಶೀಲಾಳಿಗೆ ಮನೆಯ ಸಾಮಾನೆಲ್ಲ ಹಳೆಯದಾಗಿ ಕಾಣತೊಡಗುತ್ತದೆ. ನೌಕರಿ ಮುಗಿಸಿ ಮನೆಯಲ್ಲೇ ಕೂತಿರುವ ನನ್ನಂಥವನು ಆ ಹೊತ್ತಿಗೆ ಸ್ವಲ್ಪ ದೂರ ಇರುವುದೇ ಕ್ಷೇಮ. ಅವತ್ತು ದೂರ ಇರಲು ಆಗಲಿಲ್ಲ. ಏಣಿ ಹಿಡಿಯುವ ಕೆಲಸ ನನ್ನದಾಗಿತ್ತು.

“ಇದೇನ್ರೀ ಇದು, ಉಣ್ಣೋ ತಟ್ಟಿ ನಡುವ ತೂತು? ಇಂಥಾದ್ದನ್ನ ಯಾರರ ಇಟ್ಕೋತಾರೇನು?” ಎಂದು ಮೇಲಿಂದ ಒಂದು ತಟ್ಟೆಯನ್ನು ಕೆಳಗೆ ಚಾಚಿದಳು.

ಜರ್ಮನ್ ತಟ್ಟೆ. ಅಲ್ಯುಮಿನಿಯಮ್ಮಿಗೆ ನಮ್ಮ ಕಡೆ ಹಾಗೇ ಅನ್ನುವುದು, ಯಾಕೆ ಎಂದು ನನ್ನನ್ನು ಕೇಳಬೇಡಿ. ಎತ್ತರದ ಅಂಚು ಅಲ್ಲಲ್ಲಿ ನೆಗ್ಗಿತ್ತು, ಒಳಮೈ ಮಾತ್ರ ಇನ್ನೂ ಬೆಳ್ಳಗಿತ್ತು, ನಟ್ಟನಡುವೆ ಹೆಬ್ಬೆರಳು ಹೊಗುವಷ್ಟು ತೂತು. ನಾನು ಅದನ್ನು ಎರಡೂ ಕೈಯಲ್ಲಿ ಇಸಕೊಂಡೆ. ಏಣಿ ಬಿಟ್ಟಿದ್ದಕ್ಕೆ ಮೇಲಿಂದ ಬೈಗುಳ ಬಂತು.

“ಇದನ್ನ ಕೊಡಬ್ಯಾಡ. ಇದು ನಮ್ಮಪ್ಪಂದು.”

“ನಿಮ್ಮಪ್ಪ ತೂತು ತಟ್ಟಿಯಾಗ ಉಣ್ತಿದ್ರೇನು?”

ಉಣ್ಣುತ್ತಿದ್ದರು. ಅದನ್ನೇ ನಿಮಗೂ ಹೇಳಬೇಕೆಂದು ಕೂತಿದ್ದೇನೆ.

ನಮ್ಮ ಮೂಲ ಮನೆ ನಾರಾಯಣಪೇಟೆಯಲ್ಲಿ. ಮಣ್ಣಿನ ಮಾಳಿಗೆಯ ಮನೆ. ಮನೆ ಅಂದರೆ ಒಂದೇ ಒಂದು ದೊಡ್ಡ ಅಂಕಣ, ಅದರ ಒಂದು ತುದಿಗೆ ಮಗ್ಗ, ಇನ್ನೊಂದು ತುದಿಗೆ ಒಲೆ, ನಡುವೆ ಉಳಿದದ್ದರಲ್ಲಿ ನಾವು. ಮಗ್ಗದ ಮುಂದೆ ಸೊಂಟಮಟ್ಟದ ಒಂದು ಕುಣಿ. ಅಪ್ಪ ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದರು. ಹೊರಗಿನಿಂದ ಬಂದವರಿಗೆ ಅಪ್ಪನ ಅರ್ಧ ಮೈ ಮಾತ್ರ ನೆಲದ ಮೇಲೆ ಕಾಣುತ್ತಿತ್ತು. ನಾನು ಸಣ್ಣವನಿದ್ದಾಗ ಎಲ್ಲರ ಅಪ್ಪಂದಿರೂ ಹೀಗೆ ಅರ್ಧವೇ ಇರುತ್ತಾರೆ ಎಂದು ತಿಳಿದಿದ್ದೆ.

ಆ ಮನೆಗೆ ಕರೆಂಟು ಬಂದಾಗ ಬಂದದ್ದು ಒಂದೇ ಬಲ್ಬು. ಅದಕ್ಕೆ ಉದ್ದನೆಯ ವೈರು, ಗೋಡೆಯಲ್ಲಿ ಮೂರು ಮೊಳೆ. ಅವ್ವ ರೊಟ್ಟಿ ಬಡಿಯುವಾಗ ಬಲ್ಬು ಒಲೆಯ ಮೊಳೆಗೆ, ಪರೀಕ್ಷೆ ಬಂದರೆ ನನ್ನ ಮೊಳೆಗೆ, ಉಳಿದ ಹೊತ್ತು ಮಗ್ಗದ ಮೊಳೆಗೆ. ಮೂರೂ ಕಡೆಯಿಂದ ಒಟ್ಟಿಗೆ ಬೇಡಿಕೆ ಬಂದಾಗ ಆಗುತ್ತಿದ್ದ ಜಗಳ ಓಣಿಯ ತುದಿಗೆ ಕೇಳುತ್ತಿತ್ತು. ಮಗ್ಗದ ಹತ್ತಿರ ಬಲ್ಬಿನದೊಂದು ತೊಡಕಿತ್ತು. ಮೇಲೆ ಕಟ್ಟಿದರೆ ಬಟ್ಟೆಗೆ ಬೆಳಕು ಸಾಲದು, ಕೆಳಗೆ ಇಳಿಸಿದರೆ ನೇರ ಕಣ್ಣಿಗೇ ಹೊಡೆಯುತ್ತಿತ್ತು. ಒಂದು ದಿನ ಅಪ್ಪ ಎದ್ದು ಹೋಗಿ ಅವ್ವನ ತಟ್ಟೆಯ ಸಾಲಿನಿಂದ ಒಂದನ್ನು ತಂದು, ಬೋರಲು ಹಾಕಿ, ನಡುವೆ ಉಳಿ ಇಟ್ಟು ಒಂದೇ ಏಟು ಹಾಕಿದರು. ವೈರು ಆ ತೂತಿನಲ್ಲಿ ತೂರಿತು, ಕೆಳಗೆ ಹೋಲ್ಡರು, ಅದರ ಮೇಲೆ ತಟ್ಟೆ ಟೋಪಿಯಂತೆ ಕೂತಿತು. ಅದನ್ನು ತುಸು ವಾಲಿಸಿ ಎಡಭುಜದ ಮೇಲಿಂದ ಇಳಿಬಿಟ್ಟರು. ಬಲ್ಬು ಕಣ್ಣಿಗೆ ಮರೆ, ಬೆಳಕೆಲ್ಲ ಬಟ್ಟೆಗೆ, ಲಾಳಿ ಎಸೆಯುವ ಕೈಯ ನೆರಳು ಆಚೆ. ಅಪ್ಪ ಎರಡನೇ ಇಯತ್ತೆಗೆ ಶಾಲೆ ಬಿಟ್ಟವರು.

ಅವ್ವ ಬಾವಿಯಿಂದ ನೀರು ತಂದವಳು ಕೊಡ ಇಳಿಸುವ ಮೊದಲೇ ಅದನ್ನು ನೋಡಿದಳು.

“ಅಯ್ಯ ಶಿವನೇ! ಉಣ್ಣೋ ತಟ್ಟಿಗೆ ತೂತು ಹೊಡ್ದಾರಲ್ಲ! ಅನ್ನದ ಮ್ಯಾಲ ಇಷ್ಟು ಸಿಟ್ಟೇನ್ರೀ ನಿಮಗ?”

“ನಿನಗ ಕಾಣಂಗಿಲ್ಲೇನು, ಎಷ್ಟು ಚಲೋ ಬೆಳಕು ಬಿದ್ದೈತಿ.”

“ಬಿದ್ದೈತಿ, ಬಿದ್ದೈತಿ. ಅದ್ರಾಗೇ ಉಣ್ಣಿರಂತ ಬರ್ರಿ.”

ಅವ್ವ ಬಾಯಿಮಾತಿನ ಹೆಂಗಸಲ್ಲ. ಅವತ್ತು ಊಟದ ಹೊತ್ತಿಗೆ ತಟ್ಟೆಯನ್ನು ಬಿಚ್ಚಿಸಿ, ತೊಳೆದು, ಅದರಲ್ಲೇ ಅಪ್ಪನಿಗೆ ರೊಟ್ಟಿ, ಪುಂಡಿಪಲ್ಯ, ಅನ್ನ, ಬೇಳೆಸಾರು ಬಡಿಸಿದಳು. ಅಪ್ಪ ತಟ್ಟೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ತೂತಿಗೆ ಕೆಳಗಿನಿಂದ ಹೆಬ್ಬೆರಳು ಇಟ್ಟು, ಪೂರ್ತಿ ಉಂಡು ಎದ್ದರು. ಅಂದಿನಿಂದ ಮನೆಯಲ್ಲಿ ಅದೊಂದು ಕಾಯಿದೆಯೇ ಆಯಿತು. ಯಾರೇ ಏನನ್ನೇ ಕೆಡಿಸಲಿ, ಅವತ್ತಿನ ಊಟ ಅವರಿಗೆ ತೂತು ತಟ್ಟೆಯಲ್ಲಿ. ಹಾಲು ಉಕ್ಕಿಸಿದ್ದಕ್ಕೆ ನೀಲಕ್ಕ ಒಮ್ಮೆ ಉಂಡಿದ್ದಾಳೆ. ನಾನು ಎಷ್ಟು ಸಲ ಉಂಡಿದ್ದೇನೋ ಲೆಕ್ಕವಿಟ್ಟಿಲ್ಲ, ನನ್ನ ಎಡಗೈ ಹೆಬ್ಬೆರಳಿಗೆ ಬಿಸಿ ಸಾರಿನ ಭಯ ಈಗಲೂ ಇದೆ.

ನೀಲಕ್ಕ ನನ್ನ ಅಕ್ಕ, ನನಗಿಂತ ನಾಲ್ಕು ವರ್ಷ ದೊಡ್ಡವಳು. ಸೋದರತ್ತೆಯ ಮಗನನ್ನೇ ಮದುವೆಯಾಗಿ ಅದೇ ಮನೆಯಲ್ಲಿ ಉಳಿದಳು. ಅಪ್ಪನ ಮಗ್ಗ ಅವಳ ಪಾಲಿಗೆ ಬಂತು, ನನ್ನ ಪಾಲಿಗೆ ಕರೆಂಟ್ ಆಫೀಸಿನ ನೌಕರಿ ಬಂತು. ಗಂಡ ತೀರಿಕೊಂಡ ಮೇಲೂ ಅವಳು ಕುಣಿಯಿಂದ ಏಳಲಿಲ್ಲ. ಮಗ ಆಟೋ ಓಡಿಸುತ್ತಾನೆ, ಸೊಸೆ ಗೌರಿ ರಾಟಿ ತಿರುಗಿಸಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡುತ್ತಾಳೆ, ನೇಯುವವಳು ನೀಲಕ್ಕ ಒಬ್ಬಳೇ. ಅವಳು ನೇಯ್ದ ಸೀರೆ ಒಂದೂ ತಿರುಗಿ ಬಂದಿರಲಿಲ್ಲ ಎನ್ನುವುದು ಅವಳು ಬಾಯಿಬಿಟ್ಟು ಹೇಳದ, ಆದರೆ ಕೂತ ಭಂಗಿಯಲ್ಲೇ ಕಾಣುತ್ತಿದ್ದ ಜಂಬ.

ಆ ಮನೆಯಲ್ಲಿ ಬಲ್ಬಿಗಿಂತ ಹಳೆಯದಾದ ಒಂದು ಬೆಳಕಿತ್ತು. ಮಗ್ಗದ ಸರಿ ಮೇಲೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಮಳೆ ಬಂದರೆ ಓಡಿಹೋಗಿ ಅದಕ್ಕೆ ಮಣ್ಣಿನ ಪರಾತ ಮುಚ್ಚಬೇಕು, ನಿಂತ ಮೇಲೆ ತೆಗೆಯಬೇಕು. ಅದರಿಂದ ಇಳಿಯುವ ಬೆಳಕಿನಲ್ಲಿ ಅಪ್ಪ ಹಗಲೆಲ್ಲ ನೇಯುತ್ತಿದ್ದರು. ಮಗ್ಗದ ಎಡಗೋಡೆಗೆ ಮಾತ್ರ ವರ್ಷಕ್ಕೆ ಎರಡು ಸಲ ಸುಣ್ಣ. ಉಳಿದ ಗೋಡೆ ಕಪ್ಪಾದರೂ ಅಪ್ಪ ತಿರುಗಿ ನೋಡುತ್ತಿರಲಿಲ್ಲ, ಆ ಒಂದು ಗೋಡೆಗೆ ಮಾತ್ರ ಯಾರೂ ಒರಗುವಂತಿರಲಿಲ್ಲ.

ಇನ್ನೊಂದು ಪದ್ಧತಿ ಇತ್ತು. ಹೊಸ ಲಡಿ, ಅಂದರೆ ಬಣ್ಣದ ನೂಲಿನ ಕಟ್ಟು, ಬಿಚ್ಚುವ ಮೊದಲು, ನೇಯುತ್ತಿರುವ ಕಂಡಿಕೆಯನ್ನೂ ಹೊಸ ಲಡಿಯನ್ನೂ ಹೊಸ್ತಿಲಿಗೆ ಒಯ್ದು, ಬಿಸಿಲಿಗೆ ಬೆನ್ನುಹಾಕಿ ನಿಂತು, ಎರಡನ್ನೂ ಜೋಡಿಸಿ ನೋಡಬೇಕು. ಅವ್ವ ಅದಕ್ಕೆ “ಮುಗಿಲಿಗೆ ತೋರಿಸೋದು” ಅನ್ನುತ್ತಿದ್ದಳು. ದೀಪ ಹಚ್ಚಿದ ಮೇಲೆ ಹೊಸ ಲಡಿ ಬಿಚ್ಚುವುದೇ ಇಲ್ಲ. ಎಷ್ಟೇ ಅವಸರವಿರಲಿ, ಲಡಿ ಬೆಳಗಿನವರೆಗೆ ಗೂಟದ ಮೇಲೆಯೇ. ನಾವಿಬ್ಬರೂ ಮಕ್ಕಳು ದಿನಕ್ಕೆ ಹತ್ತು ಸಲ ಮುಗಿಲಿಗೆ ತೋರಿಸಲು ಓಡುತ್ತಿದ್ದೆವು. ನಾಲ್ಕು ಅಕ್ಷರ ಕಲಿತ ಮೇಲೆ ನನಗೆ ಇದು ಶಕುನ, ಹಲ್ಲಿ ಲೊಚಗುಟ್ಟಿದ್ದು ಕೇಳಿ ಹೊರಡುವಂಥದು ಎನಿಸಿತು. ಓದಿದವರ ತಲೆಗೆ ಒಮ್ಮೆ ಒಂದು ವಿಷಯ ಶಕುನದ ಪಟ್ಟಿಗೆ ಸೇರಿತೆಂದರೆ ಅಲ್ಲಿಂದ ಅದನ್ನು ತೆಗೆಯುವುದು ಕಷ್ಟ.

ನೌಕರಿಯ ಬಹುಪಾಲು ನಾನು ಗದ್ವಾಲ್‌ನಲ್ಲಿ ಕಳೆದೆ. ಮೀಟರು ಓದುವ ಕೆಲಸದ ಮೇಲೆ ಧರೂರು, ಮಲ್ದಕಲ್, ಐಜ ಎಂದು ಊರೂರು ತಿರುಗಿದೆ. ಮನೆಯಲ್ಲೇ ಕೂತು ಕೆಲಸ ಮಾಡುವವರನ್ನು ನಾನು ನೋಡಿದಷ್ಟು ಯಾರೂ ನೋಡಿರಲಿಕ್ಕಿಲ್ಲ. ನೇಯುವವರು, ಹೊಲಿಯುವವರು, ಬೀಡಿ ಸುತ್ತುವವರು. ಅವರೆಲ್ಲ ಕೂರುವುದು ಒಂದೇ ಕಡೆ, ಬಾಗಿಲಲ್ಲಿ. ಐಜದಲ್ಲಿ ಒಬ್ಬಾಕೆ ಹೊಲಿಗೆ ಯಂತ್ರವನ್ನು ಅರ್ಧ ಒಳಗೆ ಅರ್ಧ ಹೊರಗೆ ಇಟ್ಟುಕೊಂಡು ಕೂತಿದ್ದಳು. ಬಂದುಹೋಗುವವರೆಲ್ಲ ಅವಳನ್ನು ದಾಟಬೇಕು. “ಒಳಗ ಕೂಡವ್ವ, ಬಲ್ಬು ಹಾಕ್ಕೋ, ಕರೆಂಟು ಕೊಟ್ಟಿದ್ದು ಯಾತಕ್ಕ?” ಎಂದು ನಾನು ದೊಡ್ಡಸ್ತಿಕೆ ಮಾಡಿದೆ. ಅವಳು ತಲೆ ಎತ್ತದೆ, “ಒಳಗ ಬಲ್ಬು ನನ್ನ ತಲಿ ಹಿಂದ ಐತ್ರಿ ಸಾರ್. ಸೂಜಿ ನನ್ನ ಮುಂದ ಐತಿ” ಅಂದಳು. ನಾನು ನಕ್ಕು ಮುಂದಿನ ಮನೆಗೆ ಹೋದೆ. ಆಗಲೇ ನಿಂತು ಒಂದು ನಿಮಿಷ ಯೋಚಿಸಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತು.

ನನ್ನ ನೌಕರಿ ಮುಗಿಯುವ ಹೊತ್ತಿಗೆ ನಾರಾಯಣಪೇಟೆಯ ಮಾಳಿಗೆ ಸೋರತೊಡಗಿತ್ತು. ಮಣ್ಣು ಇಳಿಸಿ ಸ್ಲ್ಯಾಬು ಹಾಕುವುದೆಂದಾಯಿತು. ಬೆಳಕಿಂಡಿ ಬಿಡಬೇಕೆಂದು ಅಕ್ಕ ಮೇಸ್ತ್ರಿಗೆ ಹೇಳಿದ್ದಳು, ಅವನು ಬಿಟ್ಟೂ ಇದ್ದ. ನಾನು ಹೋಗಿ ನೋಡಿದವನು ಸುಮ್ಮನಿರಬೇಕೋ ಬೇಡವೋ?

“ಯಾಕ ಬೇಕಕ್ಕಾ ಈ ತೂತು? ಮಳಿ, ಧೂಳು, ಬೆಕ್ಕು. ನೀ ಮುಚ್ಚಿಸು. ಹಗಲನ್ನ ನಾ ತಂದು ಕೊಡ್ತೀನಿ ನಿನ್ನ ಮನಿಗೆ.”

ಅದರ ಮೇಲೊಂದು ಶಾಬಾದಿ ಕಲ್ಲು ಮುಚ್ಚಿಸಿ ಸಿಮೆಂಟು ಬಳಿಸಿದೆ. ಒಳಗೆ ನಾಲ್ಕು ಎಲ್‌ಇಡಿ ಪಟ್ಟಿ ಹಾಕಿಸಿದೆ. ಅಗ್ಗದಲ್ಲಿ ಸಿಕ್ಕಿದ್ದವು, ಡಬ್ಬಿಯ ಮೇಲೆ ‘ಡೇ ಲೈಟ್’ ಎಂದು ಬರೆದು ಪಕ್ಕದಲ್ಲೊಂದು ಸೂರ್ಯನ ಚಿತ್ರ. ತೂತು ತಟ್ಟೆಯನ್ನು ಇಳಿಸಿ, ಅಪ್ಪನ ನೆನಪಿಗೆಂದು ಚೀಲಕ್ಕೆ ಹಾಕಿಕೊಂಡು ಬಂದೆ. ಸ್ವಿಚ್ಚು ಹಾಕಿದ ದಿನ ಮನೆ ಆಪರೇಷನ್ ಥಿಯೇಟರಿನಂತೆ ಬೆಳಗಿತು. ಹಳೆಯ ಒಂದು ಬಲ್ಬು ತಿನ್ನುತ್ತಿದ್ದಷ್ಟು ಕರೆಂಟಿನಲ್ಲಿ ಈ ನಾಲ್ಕೂ ಉರಿಯುತ್ತವೆ ಎಂದು ಓಣಿಯವರಿಗೆಲ್ಲ ವಿವರಿಸಿದೆ. ಹಗಲೆಲ್ಲ ಕರೆಂಟೇ ಬೇಡದೆ ನಡೆಯುತ್ತಿದ್ದ ಮಗ್ಗಕ್ಕೆ ಈಗ ಹಾಡುಹಗಲಲ್ಲಿ ನಾಲ್ಕು ದೀಪ ಉರಿಸಬೇಕಾಗಿದೆ ಎನ್ನುವುದು ಇಡೀ ಜನ್ಮ ಕರೆಂಟಿನ ಲೆಕ್ಕ ನೋಡಿದವನಿಗೆ ಹೊಳೆಯಲಿಲ್ಲ.

ವಾರ ಬಿಟ್ಟು ಹೋದಾಗ ಅಕ್ಕ ಹಣೆಗೆ ಟವೆಲ್ಲನ್ನು ಮುಂಡಾಸಿನಂತೆ ಮುಂದೆ ಚಾಚಿ ಕಟ್ಟಿಕೊಂಡು ನೇಯುತ್ತಿದ್ದಳು.

“ಇದೇನಕ್ಕಾ ವೇಷ?”

“ಬಸೂ, ನೀ ತಂದಿದ್ದು ಹಗಲಲ್ಲೋ. ಮಿಂಚು ಬಂದು ನಿಂತಂಗ ಐತಿ. ಜರಿ ಮ್ಯಾಲ ಬಿದ್ದು ಕಣ್ಣಿಗೆ ಚುಚ್ಚತೈತಿ. ಸಂಜಿ ಆದ್ರೂ ಮನ್ಯಾಗ ಸಂಜಿ ಆಗವಲ್ದು. ಹಾಸಿಗಿ ಮ್ಯಾಲ ಬಿದ್ರ ಕಣ್ಣು ಮುಚ್ಚವಲ್ವು.”

“ರೂಢಿ ಆಗ್ತೈತಿ ಬಿಡು.”

ಅವಳು ರೂಢಿ ಮಾಡಿಕೊಂಡಳು. ತಮ್ಮ ಆಸೆಯಿಂದ ಹಾಕಿಸಿದ್ದಾನೆ, ಓದಿದವನು, ಅವನಿಗೆ ತಿಳಿಯುತ್ತದೆ ಎಂದುಕೊಂಡಳು.

ಈಗ ಪದ್ಮಾಬಾಯಿಯವರ ವಿಷಯಕ್ಕೆ ಬರುತ್ತೇನೆ. ಗದ್ವಾಲ್‌ನಲ್ಲಿ ನಾವು ಬಾಡಿಗೆಗಿದ್ದ ಮನೆಯ ಯಜಮಾನತಿ. ಅವರ ಯಜಮಾನರು ಗುಡಿಯ ಪೂಜೆಯವರು, ನಂಟರೆಲ್ಲ ರಾಯಚೂರು, ಮಂತ್ರಾಲಯದ ಕಡೆ. ಗದ್ವಾಲ್ ಸೀರೆಯ ಊರಲ್ಲೇ ಇದ್ದುಕೊಂಡು ಅವರಿಗೆ ನಾರಾಯಣಪೇಟೆ ಸೀರೆಯ ಮೇಲೆ ಮನಸ್ಸು. ಮಗಳ ಮದುವೆ ಗೊತ್ತಾಗಿತ್ತು. “ನಿಮ್ಮ ಅಕ್ಕಾವ್ರ ಕೈಲೇ ಆಗಬೇಕು ಬಸಣ್ಣ. ಅಂಚು ಸೆರಗು ಕುಂಕುಮದ ಕೆಂಪು, ಮತ್ಯಾವ ಕೆಂಪೂ ಬ್ಯಾಡ” ಎಂದು ನನ್ನ ಮೂಲಕ ಹೇಳಿಕಳಿಸಿದ್ದರು.

ಅಕ್ಕ ನೇಯುತ್ತ ಸೆರಗಿಗೆ ಬಂದ ದಿನ ನಾನು ಅಲ್ಲೇ ಇದ್ದೆ. ಮಧ್ಯಾಹ್ನವೇ ಮೋಡ ಕವಿದು ಜಿಟಿಜಿಟಿ ಹಿಡಿದಿತ್ತು. ಸೆರಗು ಅರ್ಧವಾಗುವಾಗ ಕೆಂಪು ರೇಷ್ಮೆಯ ಕಂಡಿಕೆ ಮುಗಿಯುತ್ತ ಬಂತು. ಗೂಟದ ಮೇಲೆ ಎರಡು ಲಡಿ ಇದ್ದವು. ಒಂದು ಕುಂಕುಮದ ಕೆಂಪು, ಇನ್ನೊಂದು ಬೇರೆ ಸೀರೆಗೆಂದು ತಂದಿದ್ದ ಕಾಚಿನ ಕೆಂಪು, ಅಂದರೆ ತುಸು ಕಂದಿನ ಕಡೆಗೆ ವಾಲಿದ್ದು. ಅಕ್ಕ ಒಂದನ್ನು ತೆಗೆದು, ಅದನ್ನೂ ಮುಗಿಯುತ್ತಿದ್ದ ಕಂಡಿಕೆಯನ್ನೂ ಹಿಡಿದುಕೊಂಡು, ಮೊಣಕಾಲು ಒತ್ತಿ ಕುಣಿಯಿಂದ ಏಳಲು ಹೊರಟಳು. ಹೊಸ್ತಿಲಿಗೆ ಹೋಗಿ ಮುಗಿಲಿಗೆ ತೋರಿಸಬೇಕಲ್ಲ.

“ಕುಂದ್ರಕ್ಕಾ, ಕಾಲು ನೋಯ್ತಾವಂತಿ, ಮ್ಯಾಲೆ ಎದ್ದಾಡ್ತಿ. ಹೊರಗ ಮುಗಿಲೆಲ್ಲ ಕಪ್ಪಾಗೇತಿ. ಅಲ್ಲಿಗಿಂತ ಇಲ್ಲೇ ಚಲೋ ಹಗಲೈತಿ.”

“ಆದ್ರೂ ಒಮ್ಮೆ…”

“ತಾ ಇಲ್ಲೆ.” ನಾನೇ ಎರಡನ್ನೂ ಇಸಕೊಂಡು ಪಟ್ಟಿಯ ಕೆಳಗೆ ಹಿಡಿದು ನೋಡಿದೆ. “ಎರಡೂ ಒಂದೇ. ನೇಯಿ ನೀನು.”

ಅವಳೂ ಕುಣಿಯಲ್ಲೇ ಕೂತು ನೋಡಿದಳು. ಒಂದೇ ಕಂಡಿತು. ಗೌರಿ ಕಂಡಿಕೆ ಸುತ್ತಿಕೊಟ್ಟಳು. ಮಡಚಿದ್ದೂ ಅದೇ ಬೆಳಕಿನಲ್ಲಿ. ಸೀರೆ ಗದ್ವಾಲ್ ಸೇರಿತು.

ಹದಿನೈದು ದಿನಕ್ಕೆ ಪದ್ಮಾಬಾಯಿ ನನ್ನನ್ನು ಕರೆಸಿದರು. ಅಂಗಳದಲ್ಲಿ ಸೀರೆ ಬಿಚ್ಚಿ ಹಿಡಿದರು. ಸೆರಗಿನ ನಡುವೆ ಅಳತೆ ಪಟ್ಟಿ ಇಟ್ಟು ಎಳೆದಂಥ ಗೆರೆ. ಅದರಿಂದ ಈಚೆಗೆ ಕುಂಕುಮ, ಆಚೆಗೆ ಕಾಚು.

“ಬೇಜಾರು ಮಾಡ್ಕೋಬ್ಯಾಡ್ರಿ ಬಸಣ್ಣ. ನೇಯ್ಗಿ ಎಷ್ಟು ಛಂದ ಅದ. ಆದ್ರ ಈ ಅಡ್ಡ ಗೆರಿ ನೋಡ್ರಿ, ಮದುಮಗಳಿಗೆ ಉಡಿಸ್ಲಿಕ್ಕೆ ಮನಸ್ಸು ಒಪ್ಪವಲ್ದು. ಲಗ್ನ ಇನ್ನೂ ದೂರ ಅದ, ಬ್ಯಾರೆ ನೇಯ್ದು ಕೊಡ್ಲಿ.”

ಅಕ್ಕನಿಗೆ ಸೀರೆ ಒಯ್ದು ಕೊಟ್ಟೆ. ಅವಳು ಹೊಸ್ತಿಲಲ್ಲಿ ನಿಂತು ಬಿಚ್ಚಿದಳು, ಬಹಳ ಹೊತ್ತು ನೋಡಿದಳು. ಮೆಲ್ಲಗೆ ಮಡಚಿ, ಬಚ್ಚಲಿಗೆ ಹೋಗಿ ಕಣ್ಣಿಗೆ ನೀರು ಹಾಕಿಕೊಂಡು ಬಂದಳು.

“ಕಣ್ಣು ಹೋದ್ವು ಬಸೂ.”

ಇಲ್ಲಿ ನಾನು ಏನು ಹೇಳಿದೆ ಎಂದು ಬರೆಯಲು ಕೈ ಹಿಂಜರಿಯುತ್ತಿದೆ. “ವಯಸ್ಸಾತಲ್ಲಕ್ಕಾ. ಎಷ್ಟು ದಿನಾ ಅಂತ ನೇಯ್ತಿ, ಬಿಡು” ಅಂದೆ. ಆ ಮೋಡದ ಮಧ್ಯಾಹ್ನ, ನಾನೇ ಲಡಿ ಹಿಡಿದು ನೋಡಿದ್ದು, ನಾನೇ ಒಂದೇ ಎಂದದ್ದು, ಯಾವುದೂ ನೆನಪಾಗಲಿಲ್ಲ. ನೆನಪಿಟ್ಟುಕೊಂಡು ಮುಚ್ಚಿಟ್ಟೆನೆಂದಲ್ಲ, ನಿಜವಾಗಿಯೂ ಮರೆತುಬಿಟ್ಟಿದ್ದೆ. ಅದು ಇನ್ನೂ ನಾಚಿಕೆಗೇಡು.

ಬೇರೆ ನೇಯ್ದು ಕೊಡಲು ಅವಳು ಒಪ್ಪಲಿಲ್ಲ. ಕಣ್ಣಿನ ಡಾಕ್ಟರಲ್ಲಿಗೆ ಕರೆದರೆ ಬರಲಿಲ್ಲ. “ಹೋಗಿದ್ದು ಹೋತು ಅಂತ ಅವರ ಬಾಯಿಲೆ ಕೇಳಾಕ ರಾಯಚೂರಿಗೆ ಹೋಗ್ಬೇಕೇನು?” ಮಗ್ಗದ ಮೇಲೆ ಹೂಡಿದ್ದ ಹಾಸುನೂಲು ಮುಗಿದ ಕೂಡಲೇ ಮಗ್ಗ ಬಿಚ್ಚುವುದು, ಪಕ್ಕದ ಓಣಿಯವರು ಒಯ್ಯುವುದು, ಕುಣಿಗೆ ಫರ್ಶಿ ಮುಚ್ಚಿ ಅಲ್ಲಿ ಮಂಚ ಹಾಕುವುದು, ಎಲ್ಲ ಗೊತ್ತಾಯಿತು. ಆ ಸೀರೆಯನ್ನು ಸುಶೀಲಾಳಿಗೆ ಕೊಟ್ಟುಬಿಟ್ಟಳು. “ನೀನರ ಉಡು ಸುಶೀಲಾ, ನನ್ನ ಕೈಯಾಗಿಂದು ಇದೇ ಕಡೀದು” ಎಂದಳಂತೆ.

ಸುಶೀಲಾ ಮನೆಯಲ್ಲಿ ಸೀರೆಗೆ ಫಾಲು ಹಚ್ಚಿ ಪೀಕೋ ಮಾಡುತ್ತಾಳೆ. ಮಕ್ತಲ್‌ನ ಅರ್ಧ ಊರಿನ ಹೆಂಗಸರ ಸೀರೆಯ ಅಂಚು ಅವಳ ಕೈದಾಟಿ ಹೋಗಿದೆ. ಅಟ್ಟ ಖಾಲಿ ಮಾಡಿದ ಮರುದಿನ ಅವಳು ಅಕ್ಕ ಕೊಟ್ಟ ಸೀರೆಗೆ ಫಾಲು ಹುಡುಕುತ್ತ ಕಿಟಕಿಯಲ್ಲಿ ನಿಂತಿದ್ದಳು. ನಾನು ಒಳಗೆ ಟ್ಯೂಬಿನ ಕೆಳಗೆ ಕೂತು ಅಪ್ಪನ ತಟ್ಟೆಗೆ ಬೂದಿ ಹಚ್ಚಿ ತಿಕ್ಕುತ್ತಿದ್ದೆ. ಅವಳ ಕೈಯಲ್ಲಿ ಎರಡು ಕೆಂಪು ಫಾಲು.

“ಇಲ್ಲಿ ತಾ, ನಾ ನೋಡ್ತೀನಿ” ಎಂದೆ. ತಂದು ಹಿಡಿದಳು. “ಎರಡೂ ಒಂದೇ ಅದಾವಲ್ಲ, ಯಾವುದರ ಹಚ್ಚು.”

ಅವಳು ನಕ್ಕಳು. “ನಿಮ್ಮ ಟ್ಯೂಬಿನ ಕೆಳಗ ನಾ ಎಂದರ ಬಣ್ಣಾ ನೋಡೀನೇನ್ರೀ? ಇದರಾಗ ಎಲ್ಲಾ ಕೆಂಪೂ ಒಂದೇ. ಬರ್ರಿ ಇಲ್ಲಿ.” ಕೈ ಹಿಡಿದು ಕಿಟಕಿಗೆ ಎಳೆದೊಯ್ದಳು. ಅಲ್ಲಿ ಒಂದು ಫಾಲು ಕುಂಕುಮ, ಇನ್ನೊಂದು ಕಾಚು. ಸೆರಗು ಬಿಚ್ಚಿದೆ. ಕಿಟಕಿಯಲ್ಲಿ ಗೆರೆ ಎದ್ದು ಕಾಣುತ್ತದೆ. ಟ್ಯೂಬಿನ ಕೆಳಗೆ ತಂದರೆ ಗೆರೆಯೇ ಇಲ್ಲ. ಮತ್ತೆ ಕಿಟಕಿ, ಮತ್ತೆ ಟ್ಯೂಬು. ಐದಾರು ಸಲ ಓಡಾಡಿದೆ. ಹೊಸ್ತಿಲಿಗೆ ಹೋಗಲು ಎದ್ದ ಅಕ್ಕನನ್ನು ಕೂರಿಸಿದ್ದು ಆಗ ನೆನಪಾಯಿತು.

ವಿಷಯ ಸರಳ. ದೀಪದ ಬೆಳಕಿನೊಳಗೇ ಕೆಂಪು ಕಡಿಮೆ ಇದ್ದರೆ ಬಟ್ಟೆಯ ಕೆಂಪು ಎಲ್ಲಿಂದ ತೋರೀತು? ಬಣ್ಣ ನೆಟ್ಟಗೆ ತೋರುವ ದೀಪಗಳೂ ಸಿಗುತ್ತವೆ, ಕರೆಂಟನ್ನೂ ಕಡಿಮೆಯೇ ತಿನ್ನುತ್ತವೆ. ಅವನ್ನು ಕೇಳಿ ತರಬೇಕು, ಅಷ್ಟೇ. ನಾನು ಡಬ್ಬಿಯ ಸೂರ್ಯನನ್ನು ನೋಡಿ ತಂದಿದ್ದೆ.

“ನಿನಗ ಮೊದಲಿಂದ ಗೊತ್ತಿತ್ತೇನು ಇದು? ಹೇಳಬಾರದೇನು?”

“ನೀವು ಕೇಳಿದ್ರೇನು?” ಎಂದಳು ಸುಶೀಲಾ.

ಮರುದಿನ ಬೆಳಿಗ್ಗೆ ನಾರಾಯಣಪೇಟೆಯ ಬಸ್ಸು ಹತ್ತಿದೆ. ತೊಡೆಯ ಮೇಲೆ ಚೀಲ, ಚೀಲದಲ್ಲಿ ಸೀರೆ, ತಟ್ಟೆ ಮತ್ತು ಅಂಗಡಿಯವನನ್ನು ಕಾಡಿ ತಂದ ಒಂದೇ ಒಂದು ಬೆಚ್ಚನೆ ಬೆಳಕಿನ ಬಲ್ಬು. ಬಸ್ಸು ಎಲ್ಲ ಊರಲ್ಲೂ ನಿಂತಿತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಕಂಡಕ್ಟರು ತೆಲುಗಿನಲ್ಲಿ “ದಿಗಂಡಿ, ದಿಗಂಡಿ” ಎಂದು ಇಳಿಯಲು ಅವಸರ ಮಾಡಿದಾಗ ಜೋಡಿಸಿದ್ದೆಲ್ಲ ಚೆದುರಿಹೋಯಿತು.

ಮನೆ ಮುಟ್ಟಿದಾಗ ಅಕ್ಕ ಮಗ್ಗದ ಮುಂದೆ ನೆಲದ ಮೇಲೆ ಕೂತು ಹಗ್ಗ ಬಿಚ್ಚುತ್ತಿದ್ದಳು. ಹಾಸು ಹಿಂದಿನ ದಿನವೇ ಮುಗಿದಿತ್ತು.

“ಅಕ್ಕಾ, ಬಿಚ್ಚಬ್ಯಾಡ. ನಿನ್ನ ಕಣ್ಣಿಗೇನೂ ಆಗಿಲ್ಲ. ತಪ್ಪು ನನ್ನ ಲೈಟಿಂದು.”

ಅವಳು ನನ್ನ ಮುಖ ನೋಡಿದಳು. ಸಮಾಧಾನದ ಮಾತೆಂದುಕೊಂಡಳು. ನಾನು ಸೆರಗನ್ನು ಪಟ್ಟಿಯ ಕೆಳಗೆ ಬಿಚ್ಚಿದೆ. ಗೌರಿಯನ್ನೂ ಕರೆದೆ. ಗೆರೆ ಇಲ್ಲ. ಹೊಸ್ತಿಲಿಗೆ ಒಯ್ದೆ. ಗೆರೆ ಇದೆ. ಗೌರಿ “ಅಯ್ಯಯ್ಯೋ ಅತ್ತೀ!” ಎಂದು ಬಾಯಿಗೆ ಕೈ ಇಟ್ಟುಕೊಂಡಳು. ಅಕ್ಕ ಎದ್ದಳು. ಗೂಟದಿಂದ ಲಡಿಗಳನ್ನೆಲ್ಲ ಬಾಚಿ ತಂದು ಹೊಸ್ತಿಲಲ್ಲಿ ಕೂತು, ಬಿಸಿಲಿಗೆ ಬೆನ್ನುಹಾಕಿ, ಒಂದೊಂದನ್ನೇ ಎತ್ತಿ ಹೆಸರು ಹೇಳುತ್ತ ಬದಿಗಿಟ್ಟಳು. ಕುಂಕುಮ, ಕಾಚು, ದಾಳಿಂಬೆ, ಈರುಳ್ಳಿ ಸಿಪ್ಪೆ, ಇಟ್ಟಂಗಿ, ಗುಲಗಂಜಿ. ಒಂದೂ ತಪ್ಪಲಿಲ್ಲ. ಕೊನೆಯದನ್ನು ಇಟ್ಟು ನನ್ನ ಕಡೆ ತಿರುಗಿದಳು.

“ಎರಡು ತಿಂಗಳು, ಬಸೂ. ಎರಡು ತಿಂಗಳಾತು ನಾ ಅಕ್ಕಿ ಆರಿಸೋದು ಬಿಟ್ಟು. ಹಳ್ಳು ಉಳಿದೀತು ಅಂತ ಗೌರಿ ಕೈಯಾಗ ಕೊಟ್ಟೆ. ಮೊಮ್ಮಗಳ ಜಡಿ ಹಾಕೋದು ಬಿಟ್ಟೆ, ಬೈತಲಿ ಸೊಟ್ಟ ಆದೀತು ಅಂತ. ಕುರುಡಿ ಆದ ಮ್ಯಾಲ ಈ ಮನ್ಯಾಗ ಹೆಂಗ ಓಡಾಡ್ಲಿ ಅಂತ ಕಣ್ಣು ಮುಚ್ಕೊಂಡು ಒಲಿ ತನಕ ನಡದು ನೋಡೀನಿ.”

ನನಗೆ ತಲೆ ಎತ್ತಲಾಗಲಿಲ್ಲ. “ಅವತ್ತು ನಾ ಇಲ್ಲೇ ಇದ್ದೆ ಅಕ್ಕಾ. ನಾನೇ ನಿನ್ನ ಕೂಡ್ಸಿದ್ದೆ. ಅದು ನನಗ ಮರತೇ ಹೋಗಿತ್ತು.”

“ನನಗ ನೆನಪಿತ್ತು” ಎಂದಳು ಅಕ್ಕ.

“ಮತ್ತ ಒಂದು ಮಾತೂ ಅನಲಿಲ್ಲ?”

“ಏನಂತ ಅನಲಿ? ನೀ ಕರೆಂಟಿನ ಮನಿಶ್ಯಾ, ನಿನಗ ಬಣ್ಣ ಏನು ತಿಳಿತೈತಿ. ನೋಡೋದು ನನ್ನ ಕೆಲಸ. ನೋಡದ ನೇಯ್ದಾಕಿ ನಾನು. ನಿನ್ನ ಹೆಸರು ಯಾಕ ತರಲಿ?”

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಾನು ಎದ್ದು ಹೋಗಿ ಮೇಸ್ತ್ರಿಯನ್ನು ಕರೆತಂದೆ. ಅವನು ಸ್ಲ್ಯಾಬಿನ ಮೇಲೆ ಹತ್ತಿ ಸಿಮೆಂಟು ಕೆತ್ತಿ, ಶಾಬಾದಿ ಕಲ್ಲನ್ನು ಎಬ್ಬಿಸಿದ. ಧೂಳಿನ ಜೊತೆ ಬೆಳಕು ಇಳಿಯಿತು, ಅದು ಮೊದಲು ಬೀಳುತ್ತಿದ್ದ ಜಾಗಕ್ಕೇ. “ನಾಳೆ ಮ್ಯಾಲೊಂದು ದಪ್ಪ ಗಾಜು ಕೂಡಿಸ್ತೀನ್ರಿ, ಮಳಿ ಬಂದ್ರೂ ಓಡಾಡೋದು ತಪ್ಪತೈತಿ” ಎಂದು ಅವನು ಹೋದ. ನಾನು ನಾಲ್ಕು ಪಟ್ಟಿಗಳಲ್ಲಿ ಮೂರನ್ನು ಬಿಚ್ಚಿದೆ. ಕಸ ಗುಡಿಸಲು ಒಂದಿರಲಿ ಎಂದಳು ಗೌರಿ. ಮೋಡದ ದಿನಕ್ಕೂ ಸಂಜೆಗೂ ಹೊಸ ಬಲ್ಬು, ಅದಕ್ಕೆ ಅಪ್ಪನ ತಟ್ಟೆಯ ಟೋಪಿ, ಎಡಭುಜದ ಮೇಲಿಂದ. ವೈರು ಎಳೆದು ಸಿದ್ಧಮಾಡಿಕೊಂಡು ತಟ್ಟೆಗೆ ಕೈ ಹಾಕಿದೆ. ತಟ್ಟೆ ಇಟ್ಟಲ್ಲಿ ಇರಲಿಲ್ಲ.

“ಮೊದಲ ಉಣ್ಣು ಬಾ” ಎಂದಳು ಅಕ್ಕ ಒಲೆಯ ಕಡೆಯಿಂದ.

ಎಲ್ಲರಿಗೂ ಸ್ಟೀಲಿನ ತಟ್ಟೆ. ನನ್ನ ಮಣೆಯ ಮುಂದೆ ಜರ್ಮನ್ ತಟ್ಟೆ. ಅದರಲ್ಲಿ ರೊಟ್ಟಿ, ಪುಂಡಿಪಲ್ಯ, ಅನ್ನ. ಅಕ್ಕ ಸಾರಿನ ಸೌಟು ಎತ್ತಿ ಹಿಡಿದು ನಿಂತಿದ್ದಳು. ನಾನು ತಟ್ಟೆಯನ್ನು ಎಡಗೈಯಲ್ಲಿ ಎತ್ತಿಕೊಂಡು ತೂತಿಗೆ ಹೆಬ್ಬೆರಳು ಇಟ್ಟೆ. ಸಾರು ಸುಡುತ್ತಿತ್ತು. ಬೆರಳು ಜಾರಿ ಸಾರು ಮಣಿಕಟ್ಟಿನ ತನಕ ಇಳಿಯಿತು. ಗೌರಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಕ್ಕನೂ ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

“ಪದ್ಮಾಬಾಯ್ಯಾರ ಮಗಳ ಲಗ್ನ ಯಾವಾಗೋ?”

“ಇನ್ನೂ ದಿನ ಐತಿ.”

“ಹಂಗಾರ ನಾಳಿಂದ ಹಾಸು ಹೂಡ್ತೀನಂತ ಹೇಳು.” ಅವಳು ಮಗ್ಗದ ಕಡೆ ನಡೆದು, ಎರಡೂ ಕೈ ಊರಿ, ಮೆಲ್ಲಗೆ ಕುಣಿಯೊಳಗೆ ಇಳಿದು ಕೂತಳು. ಬಿಚ್ಚಿದ್ದ ಹಗ್ಗವನ್ನು ಮತ್ತೆ ಕಟ್ಟತೊಡಗಿದಳು. ಬೆಳಕಿಂಡಿಯ ಬೆಳಕು ಅವಳ ಕೈಮೇಲೆ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ತಲೆ ಎತ್ತಿ, ಮನೆಯ ಆ ತುದಿಯಿಂದ ಈ ತುದಿಯಲ್ಲಿ ಉಣ್ಣುತ್ತಿದ್ದ ನನ್ನನ್ನು ದಿಟ್ಟಿಸಿದಳು.

“ಬಸೂ, ನಿನ್ನ ಅಂಗಿ ಕಂದು ಬಣ್ಣದ್ದು. ಮ್ಯಾಲಿಂದ ಮೂರನೇ ಗುಂಡಿಗೆ ಕೆಂಪು ದಾರ ಹಾಕ್ಯಾರಲ್ಲೋ. ಯಾರು ಹಚ್ಚಿದ್ದು?”

ನಾನು ಬಗ್ಗಿ ನೋಡಿಕೊಂಡೆ. ಕೆಂಪೇ. ಹೋದ ವಾರ ಆ ಗುಂಡಿ ಹಚ್ಚಿಕೊಂಡವನು ನಾನೇ, ನಮ್ಮ ಮನೆಯ ಟ್ಯೂಬಿನ ಕೆಳಗೆ ಕೂತು.